ಹೆಸರು ಬದಲಿಸಲಾಗಿದೆ

ಹೂಟಗಳ್ಳಿ, ಮೈಸೂರು
14 ಜುಲೈ 2024

ಪ್ರೀತಿ,

ಕ್ಷೇಮ ಅಂತ ಶುರು ಮಾಡುವುದಕ್ಕೆ ಮನಸ್ಸು ಬರುತ್ತಿಲ್ಲ. ಹೊಟ್ಟೆ ಉರಿಯುತ್ತಿದೆ. ಗುರುವಾರದಿಂದ ನೀನು ಫೋನ್ ಮಾಡುತ್ತಿದ್ದೀಯ, ನಾನು ಎತ್ತುತ್ತಿಲ್ಲ. ಇನ್ನು ಮುಂದೆ ಎತ್ತುವುದೂ ಇಲ್ಲ. ಹೇಳುವುದಿದ್ದರೆ ಕಾಗದ ಬರಿ, ನಾನೂ ಬರೆಯುತ್ತೇನೆ. ಕಾಗದವನ್ನಾದರೆ ಸಭೆಯಲ್ಲಿ ಹಾಡಿನ ಹಾಗೆ ಹಾಕಿ ಕೇಳಿಸಲು ಆಗುವುದಿಲ್ಲವಲ್ಲ, ಅದಕ್ಕೆ.

ಗುರುವಾರ ಅಗ್ರಹಾರದ ಸಂಘದ ಆಫೀಸಿಗೆ ಹೋಗಿದ್ದೆ. ದಂಧೆಯ ಹೆಂಗಸರೇ ಸೇರಿ ಕಟ್ಟಿಕೊಂಡ ಸಂಘ ಅಂತ ನಿನ್ನ ಸ್ನೇಹಿತರ ಮುಂದೆ ಹೆಮ್ಮೆಯಿಂದ ಹೇಳುತ್ತೀಯಲ್ಲ, ಅದೇ. ಬಳೆ ಅಂಗಡಿಯ ಮೇಲೆ, ಕಡಿದಾದ ಮೆಟ್ಟಿಲು. ಅಲ್ಲಿ ಅಕ್ಷತಾ ಅಂತ ಒಬ್ಬಳಿದ್ದಾಳೆ. ನಮ್ಮನ್ನು ಆಸ್ಪತ್ರೆಗೆ ಕರೆದೊಯ್ಯುವುದರಿಂದ ಹಿಡಿದು ಠಾಣೆಗೆ ಓಡುವವರೆಗೆ ಎಲ್ಲ ಅವಳೇ. ನೀನು ನನ್ನ ತಂಗಿ ಅಂತ ಅವಳಿಗೆ ಗೊತ್ತಿಲ್ಲ. ಫೋನನ್ನು ಮೇಜಿನ ಮೇಲೆ ನಿಲ್ಲಿಸಿ, "ಹೈದರಾಬಾದ್ನಲ್ಲಿ ದೊಡ್ಡ ಸೆಮಿನಾರಂತೆ ಕಣ್ರಮ್ಮ, ನಮ್ ಮೈಸೂರಿನ ಹುಡುಗೀನೇ ನಮ್ ಪರವಾಗಿ ಮಾತಾಡವ್ಳೆ, ಬನ್ನಿ ಬನ್ನಿ" ಅಂತ ಎಲ್ಲರನ್ನೂ ಕೂರಿಸಿದಳು.

ನೀನು ಬಂದೆ. ಹತ್ತಿ ಸೀರೆ, ದೊಡ್ಡ ಬೊಟ್ಟು, ಮೈಕಿನ ಮುಂದೆ. ನನ್ನ ಎದೆ ತುಂಬಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ನೀನು ಏನನ್ನೋ ಒತ್ತಿದೆ, ನನ್ನ ದನಿ ಬಂತು. "ನಾನು ರಾಣಿ ಕಣೇ. ನಂಗೆ ಯಾರ್ ಹಂಗೈತೆ? ಬೇಡ ಅಂದ್ರೆ ಬೇಡ ಅಷ್ಟೆ." ಆಮೇಲೆ ನನ್ನ ನಗು. ಕೆಳಗೆ ಇಂಗ್ಲಿಷಿನಲ್ಲಿ ಅಕ್ಷರ ಓಡುತ್ತಿತ್ತು. ಮಹದೇವಮ್ಮ, ಹೆಸರು ಬದಲಿಸಲಾಗಿದೆ ಅಂತ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಇಲ್ಲಿ ಸಂಘದಲ್ಲಿ ಯಾರೋ, "ಯಾರೋ ನಿನ್ನಂಗೇ ನಗ್ತಾಳಲ್ಲ ಮುದ್ದಮ್ಮ" ಅಂದರು. ಮುಚ್ಚಿಹಾಕೋಣ ಅಂತ ನಾನು ನಕ್ಕುಬಿಟ್ಟೆ. ಅದೇ ನಗು. ಎಲ್ಲರಿಗೂ ಗೊತ್ತಾಗಿಹೋಯಿತು.

ನಾನು ನಿನ್ನ ಹತ್ತಿರ ಫೋನಿನಲ್ಲಿ ಆಡಿದ್ದನ್ನು ಯಾವಾಗ ತುಂಬಿಟ್ಟುಕೊಂಡೆ? ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ? ಇನ್ನು ಹೆಸರು. ನಮ್ಮವ್ವ ಸತ್ತು ಇಪ್ಪತ್ತೆರಡು ವರ್ಷ. ಬದುಕಿದ್ದಾಗ ಪರ ಗಂಡಸಿನ ಎದುರು ಕೂತು ಒಂದು ಲೋಟ ಕಾಫಿ ಕುಡಿದವಳಲ್ಲ. ಅವಳ ಹೆಸರನ್ನು ತಂದು ನನ್ನ ಲಾಡ್ಜಿನ ರೂಮಿಗೆ ಅಂಟಿಸಿದೆಯಲ್ಲ, ಲೋಕದಲ್ಲಿ ಬೇರೆ ಹೆಸರೇ ಇರಲಿಲ್ಲವೇ?

ಹೊತ್ತಾಯಿತು, ಹೊರಡಬೇಕು. ನೀನು ಇನ್ನೂ ನೋಡದ ಈ ಮನೆಯ ಓನರಮ್ಮ ನಾನು ಹೆಬ್ಬಾಳದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದೇನೆ ಅಂತಲೇ ನಂಬಿದ್ದಾಳೆ. ಟಿಫನ್ ಬ್ಯಾಗ್ ಹಿಡಿದು ಶಿಫ್ಟಿನ ಹುಡುಗಿಯರ ಜೊತೆ ಹೆಬ್ಬಾಳದ ಬಸ್ಸು ಹತ್ತಿ, ಅಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಸಿಟಿಗೆ ಹೋಗುತ್ತೇನೆ. ನಿಮ್ಮ ರಾಣಿಯ ಸವಾರಿ ಹೀಗೆ.

ಮುದ್ದಮ್ಮ (ಹೆಸರು ಬದಲಿಸಿಲ್ಲ)


ಹೈದರಾಬಾದ್
22 ಜುಲೈ 2024

ಪ್ರೀತಿಯ ಅಕ್ಕ,

ಮೊದಲು ನನ್ನನ್ನು ಕ್ಷಮಿಸು. ಕೇಳಬೇಕಿತ್ತು. ಕೇಳಿದರೆ ಬೇಡ ಅನ್ನುತ್ತೀಯ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಆ ರೆಕಾರ್ಡಿಂಗ್ ನಾನು ಬೇಕೆಂದು ಮಾಡಿದ್ದಲ್ಲ, ನನ್ನ ಫೋನಿನಲ್ಲಿ ಎಲ್ಲ ಕರೆಗಳೂ ತಾವೇ ಉಳಿದುಕೊಳ್ಳುತ್ತವೆ. ಬೇಜಾರಾದಾಗ ಅದನ್ನು ಹಾಕಿಕೊಂಡು ಕೇಳುತ್ತಿದ್ದೆ. ಅವ್ವನ ಹೆಸರೂ ಅಷ್ಟೆ. ಯಾವುದಾದರೂ ಹೆಸರು ಕೊಡು ಅಂದಾಗ ಅದೇ ಬಾಯಿಗೆ ಬಂತು. ನನಗೆ ಅವಳ ಮುಖ ನೆನಪಿಲ್ಲ ಅಕ್ಕ, ಉಳಿದಿರುವುದು ಹೆಸರೊಂದೇ.

ಆದರೆ ನೀನು ಇದನ್ನು ಅವಮಾನ ಅಂದುಕೊಂಡಿದ್ದೀಯ. ಅಲ್ಲ. ಇಲ್ಲಿ ಹೆಣ್ಣುಮಕ್ಕಳ ಪರ ಮಾತಾಡುವವರಲ್ಲೇ ಎರಡು ಬಣ. ಡಾ. ಸುಷ್ಮಿತಾ ಅಂತ ನಮ್ಮ ಮೈಸೂರಿನವರೇ ಒಬ್ಬರಿದ್ದಾರೆ. ಅವರ ಪ್ರಕಾರ ಇದು ಕೆಲಸವೇ ಅಲ್ಲ, ಬರೀ ಹಿಂಸೆ. ಒಪ್ಪಿಗೆ ಅನ್ನುವುದೆಲ್ಲ ಬಡತನ ಆಡಿಸುವ ಮಾತು. ಇದನ್ನು ಮುಚ್ಚಬೇಕು, ಇದರಲ್ಲಿರುವವರನ್ನು ಪಾರು ಮಾಡಬೇಕು. ನಮ್ಮ ಕಡೆಯವರು ಹೇಳುವುದು ಬೇರೆ. ಕೂಲಿಯವನು ಬೆನ್ನಿನಿಂದ ದುಡಿಯುತ್ತಾನೆ, ಮೇಷ್ಟ್ರು ಗಂಟಲಿನಿಂದ ದುಡಿಯುತ್ತಾರೆ, ಇದೊಂದಕ್ಕೆ ಮಾತ್ರ ಮೂಗು ಮುರಿಯುವುದು ಯಾಕೆ? ಕೆಲಸ ಅಂತ ಒಪ್ಪಿದರೆ ಠಾಣೆಯಲ್ಲಿ ಕಂಪ್ಲೇಂಟ್ ಕೊಡಬಹುದು, ರೇಷನ್ ಕಾರ್ಡ್ ಕೇಳಬಹುದು, ಆಸ್ಪತ್ರೆಯಲ್ಲಿ ತಲೆ ಎತ್ತಿ ನಿಲ್ಲಬಹುದು. ಗಂಡನ ಮನೆಯಲ್ಲಿ ಬಾಯಿ ಬಿಡಲಾಗದ ಹೆಂಗಸಿಗಿಂತ ನಿನಗೆ ನಿನ್ನ ದೇಹದ ಮೇಲೆ ಹೆಚ್ಚು ಹಕ್ಕಿದೆ. ಇದು ಸಬಲೀಕರಣವಲ್ಲದೆ ಮತ್ತೇನು?

ನನ್ನ ಪಿಎಚ್‌ಡಿ ಪ್ರಬಂಧದ ಮುಖ್ಯ ಅಧ್ಯಾಯದ ಹೆಸರೇ "ನಾನು ರಾಣಿ ಕಣೇ". ನಮ್ಮ ಗೈಡ್ ಮೇಡಂ ಆ ನಗು ಕೇಳಿ, ಇಡೀ ವಾದಕ್ಕೆ ಈ ನಗು ಒಂದೇ ಸಾಕು ಅಂದರು. ನವೆಂಬರಿನಲ್ಲಿ ಮೈಸೂರಿನಲ್ಲೇ ಸೆಮಿನಾರ್ ಇದೆ. ಸುಷ್ಮಿತಾ ಅವರೂ ಬರುತ್ತಾರೆ. ನೀನು ವೇದಿಕೆಗೆ ಬಂದು ಅದೇ ಮಾತನ್ನು ಹೇಳಬೇಕು ಅಕ್ಕ. ಮುಖಕ್ಕೆ ಬೇಕಾದರೆ ಮಾಸ್ಕ್ ಹಾಕಿಕೋ. ನಿನ್ನ ಬಾಯಲ್ಲಿ ಕೇಳಿದರೆ ಅವರ ಬಾಯಿ ಕಟ್ಟಿಹೋಗುತ್ತದೆ.

ನಿನ್ನ
ಪ್ರೀತಿ


ಹೂಟಗಳ್ಳಿ
4 ಆಗಸ್ಟ್ 2024

ಪ್ರೀತಿ,

ನಿನ್ನ ಕಾಗದ ಓದಿದೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಶಾಲೆಗೇ ಮೊದಲು ಬಂದವಳು ನಾನು, ಸಬಲೀಕರಣ ಅನ್ನುವುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಡಿಸಿ ಹೇಳಿದ್ದರಿಂದಲೇ ಇನ್ನಷ್ಟು ಹೇಸಿಗೆಯಾಯಿತು.

ನನ್ನ ಮಂಗಳವಾರದ ಕಥೆ ಹೇಳುತ್ತೇನೆ, ಕೇಳು. ಮಂಗಳವಾರ ಮಂಗಳವಾರ ಒಬ್ಬರು ಬರುತ್ತಾರೆ. ರಿಟೈರ್ಡ್ ಮನುಷ್ಯ, ಇಸ್ತ್ರಿ ಮಾಡಿದ ಶರಟು. ಬ್ಯಾಗಿನಲ್ಲಿ ತಮ್ಮದೇ ಬೆಡ್‌ಶೀಟು, ಒಂದು ಹೊಸ ಸೋಪು. ಮೊದಲು ನಾನು ಅವರ ಕಣ್ಣೆದುರೇ ಮೊಣಕೈವರೆಗೆ ಕೈ ತೊಳೆಯಬೇಕು. ಅವರ ಬಾಯಲ್ಲಿ ಏಕವಚನ ಬರುವುದಿಲ್ಲ. "ಇನ್ನೊಂದ್ಸಲ ಸೋಪ್ ಹಾಕ್ಕೊಳಿ ಕಣಮ್ಮ, ಉಗುರಿನ ಸಂದಿ ನೋಡ್ಕೊಳಿ." ಎಲ್ಲ ಮುಗಿದ ಮೇಲೆ ಜೇಬಿನಿಂದ ಸಣ್ಣ ಬಾಟಲಿ ತೆಗೆದು ಸ್ಯಾನಿಟೈಸರ್ ಸುರಿದುಕೊಂಡು ಒಂದೊಂದೇ ಬೆರಳನ್ನು ಉಜ್ಜುತ್ತಾರೆ. ನನ್ನ ಎದುರಿಗೇ, ಗಡಿಬಿಡಿಯಿಲ್ಲದೆ. ಆಮೇಲೆ "ಬರ್ಲಾಮ್ಮ" ಅಂತ ಹೇಳಿ ಹೋಗುತ್ತಾರೆ. ಬೈಯುವವರನ್ನು ಕಂಡಿದ್ದೇನೆ, ಗುಟ್ಕಾ ಬಾಯಿಯವರನ್ನು ಕಂಡಿದ್ದೇನೆ, ಕುಡಿದು ಹಾಸಿಗೆಯಲ್ಲೇ ಕಕ್ಕಿದವರನ್ನೂ ಕಂಡಿದ್ದೇನೆ. ಈ ಮನುಷ್ಯನಷ್ಟು ಅಸಹ್ಯ ನನಗೆ ಯಾರ ಮೇಲೂ ಇಲ್ಲ.

ಬೇಡ ಅನ್ನಬಹುದಲ್ಲ ಅನ್ನುತ್ತೀಯ. ಅನ್ನಬಹುದು. ಅವರ ಜಾಗಕ್ಕೆ ಬರುವವನು ಯಾರು ಅನ್ನುವುದನ್ನು ಮಾತ್ರ ಯಾರೂ ನನ್ನನ್ನು ಕೇಳುವುದಿಲ್ಲ.

ಹಾಗಂತ ನಾನು ಆ ಸುಷ್ಮಿತಾ ಮೇಡಂ ಕಡೆ ಸೇರಿಬಿಟ್ಟೆ ಅಂದುಕೊಳ್ಳಬೇಡ. ನೀನು ಪಿಯುಸಿಯಲ್ಲಿದ್ದಾಗ ಪೊಲೀಸರು ಲಾಡ್ಜಿನಿಂದ ನಮ್ಮನ್ನೆಲ್ಲ ಎತ್ತಿಕೊಂಡು ಹೋಗಿ ಪುನರ್ವಸತಿ ಕೇಂದ್ರಕ್ಕೆ ಹಾಕಿ ಪಾರು ಮಾಡಿದ್ದರಲ್ಲ, ಪಕ್ಕದ ಮನೆಯವರು ನಿನಗೆ ಊಟ ಹಾಕಿದ ಆ ದಿನಗಳು. ಅಲ್ಲಿ ನಮ್ಮನ್ನು ಉದ್ಧಾರ ಮಾಡಲು ಬಂದ ಹೆಂಗಸು ಮೂಗಿಗೆ ಕರ್ಚೀಫು ಹಿಡಿದುಕೊಂಡೇ, "ಛೀ, ಅದ್ಹೇಗ್ರಮ್ಮ ಮಾಡ್ತೀರಿ ಇದನ್ನ?" ಅಂತ ಕೇಳಿದಳು. ಆಮೇಲೆ ದಿಂಬಿನ ಕವರು ಹೊಲಿಯಲು ಕಲಿಸಿದಳು. ಈ ದಂಧೆಗೆ ಯಾಕೆ ಬಂದೆ ಅಂತಲೂ ಕೇಳಿದಳು. ನಿನ್ನ ಗೈಡ್ ಮೇಡಂಗೂ ಅದೇ ಬೇಕಿರಬೇಕು. ಅದನ್ನು ನಾನು ನಿನಗೇ ಹೇಳಿಲ್ಲ, ಅವರಿಗೆ ಹೇಳುತ್ತೇನೆಯೇ?

ಇನ್ನೊಂದು. ನಿನ್ನ ಪುಸ್ತಕದಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವವರ ಜೊತೆ ನನ್ನನ್ನು ಸೇರಿಸಬೇಡ. ಅವರು ಮುಖ ಸಹ ತೊಳೆಯುವುದಿಲ್ಲ. ನಾನು ರೂಮಿನವಳು.

ನನಗೆ ಈ ಕೆಲಸ ಅಸಹ್ಯ. ಆ ಕರ್ಚೀಫಿನ ಹೆಂಗಸಿಗೆ ನಾನು ಅಸಹ್ಯ. ನಿನಗೆ ನೋಡಿದರೆ ಯಾವುದೂ ಅಸಹ್ಯವಲ್ಲ. ಸಂತೋಷ. ಆದರೆ ನನ್ನ ಅಸಹ್ಯವನ್ನು ಕಿತ್ತುಕೊಂಡು ಅಲ್ಲಿ ಕಿರೀಟ ಇಡಬೇಡ ಪ್ರೀತಿ. ನನಗೆ ಅಂತ ಉಳಿದಿರುವುದು ಅದೊಂದು.

ಅಂದ ಹಾಗೆ, ಆ ನಗು ಯಾರದು ಅಂತ ನಿನ್ನ ಗೈಡ್ ಮೇಡಂಗೆ ಹೇಳಿದ್ದೀಯ?

ಅಕ್ಕ


ಹೈದರಾಬಾದ್
20 ಸೆಪ್ಟೆಂಬರ್ 2024

ಅಕ್ಕ,

ಉತ್ತರ ತಡವಾಯಿತು. ಕೆಲಸ ಇತ್ತು.

ಮೇಡಂಗೆ ಹೇಳಿಲ್ಲ. ಸಂಶೋಧನೆಯಲ್ಲಿ ಅದಕ್ಕೊಂದು ನಿಯಮವಿದೆ. ಮಾತಾಡಿದವಳು ಬರೆಯುವವಳ ಸ್ವಂತ ಅಕ್ಕ ಅಂತ ಗೊತ್ತಾದರೆ ಆ ಮಾತಿಗೆ ಬೆಲೆ ಇರುವುದಿಲ್ಲ, ಪಕ್ಷಪಾತ ಅನ್ನುತ್ತಾರೆ. ನಿನ್ನ ಮಾತಿನ ಬೆಲೆ ಉಳಿಸುವುದಕ್ಕೇ ನಾನು ಹೇಳದೆ ಇರುವುದು. ಬೇರೆ ಅರ್ಥ ಮಾಡಿಕೊಳ್ಳಬೇಡ.

ನೀನು ಅಸಹ್ಯ ಅಸಹ್ಯ ಅಂತ ಬರೆದಿದ್ದೀಯ. ಬಸ್ ಸ್ಟ್ಯಾಂಡಿನವರ ಬಗ್ಗೆ ನೀನು ಬರೆದ ಸಾಲು ಓದಿಕೋ. ಆ ಹೆಂಗಸರ ವಿಷಯದಲ್ಲಿ ನಿನ್ನ ಕೈಯಲ್ಲೂ ಒಂದು ಕರ್ಚೀಫು ಇದೆ. ಈ ಅಸಹ್ಯ ನಿನ್ನದಲ್ಲ ಅಕ್ಕ, ಸಮಾಜ ನಿನ್ನೊಳಗೆ ತುಂಬಿದ್ದು. ಅದನ್ನು ತೆಗೆದುಹಾಕುವುದೇ ನಮ್ಮ ಕೆಲಸ.

ಸೆಮಿನಾರ್ ನವೆಂಬರ್ 22, 23. ನೀನು ಹೊಸದಾಗಿ ಏನೂ ಹೇಳಬೇಕಾಗಿಲ್ಲ, ಅವತ್ತು ಫೋನಿನಲ್ಲಿ ಹೇಳಿದ್ದನ್ನೇ ಹೇಳು. ನನ್ನ ಎರಡು ವರ್ಷದ ಕೆಲಸ ಅದರ ಮೇಲೆ ನಿಂತಿದೆ.

ಪ್ರೀತಿ


ಹೂಟಗಳ್ಳಿ
29 ಸೆಪ್ಟೆಂಬರ್ 2024

ಪ್ರೀತಿ,

ದಸರಾ ಬಂತು. ಊರಿಗೆ ಬಣ್ಣ ಹೊಡೆಯುವಾಗ ಮೊದಲು ನಮ್ಮನ್ನು ಗುಡಿಸಿ ಆಚೆ ಹಾಕುತ್ತಾರೆ, ಲೈಟು ಹಾಕಿದ ಮೇಲೆ ನಮ್ಮನ್ನೇ ಹುಡುಕಿಕೊಂಡು ಬರುತ್ತಾರೆ. ಆ ಗುಡಿಸುವ ವಾರವಾದ್ದರಿಂದ ಮನೆಯಲ್ಲೇ ಇದ್ದೇನೆ, ಬರೆಯಲು ಬಿಡುವಿದೆ.

ಕರ್ಚೀಫಿನ ಮಾತು ಸರಿಯಾಗಿಯೇ ತಗುಲಿತು. ಅದನ್ನು ಒಪ್ಪುತ್ತೇನೆ. ಉಳಿದದ್ದನ್ನು ಒಪ್ಪುವುದಿಲ್ಲ. ಸಮಾಜ ತುಂಬಿದ್ದಂತೆ. ಆ ಮನುಷ್ಯನ ಬೆಡ್‌ಶೀಟಿನ ಮೇಲೆ ಸಮಾಜ ಮಲಗಲಿಲ್ಲವಲ್ಲ.

ನಿನ್ನ ಎರಡು ವರ್ಷದ ಕೆಲಸ ಅದರ ಮೇಲೆ ನಿಂತಿದೆ ಅಂದೆ. ಅದಕ್ಕೇ ಇದನ್ನು ಹೇಳಬೇಕಾಗಿದೆ. ಇಲ್ಲದಿದ್ದರೆ ನುಂಗಿಕೊಂಡು ಇರುತ್ತಿದ್ದೆ.

ಆ ಫೋನು ಬಂದ ದಿನ ನಿನಗೆ ನೆನಪಿರಬೇಕು. ನೀನು ಹೈದರಾಬಾದಿಗೆ ಹೋದ ಹೊಸದು. ರೂಮಿನ ಹುಡುಗಿ ನಿಮ್ಮ ಮನೆಯವರು ಏನು ಮಾಡುತ್ತಾರೆ ಅಂತ ಕೇಳಿದಳಂತೆ. ನೀನು ಬಾಗಿಲು ಹಾಕಿಕೊಂಡು, ಊಟ ಬಿಟ್ಟು, ವಾಪಸ್ ಬರುತ್ತೇನೆ ಅಂತ ಅಳುತ್ತಿದ್ದೆ. "ಅಕ್ಕ, ನೀನು ಹೆಂಗಿದ್ದೀಯ ಅಂತ ನಿಜ ಹೇಳು, ಇಲ್ಲಾಂದ್ರೆ ನಾನು ತಿನ್ನಲ್ಲ" ಅಂದೆ. ನಾನು ಎಲ್ಲಿದ್ದೆ ಗೊತ್ತಾ? ಲಾಡ್ಜಿನ ಮೆಟ್ಟಿಲ ಮೇಲೆ ಕೂತಿದ್ದೆ. ಒಬ್ಬ ಹೊಡೆದು ತುಟಿ ಊದಿತ್ತು, ಬ ಮ ಅನ್ನುವ ಅಕ್ಷರ ಸರಿಯಾಗಿ ಬರುತ್ತಿರಲಿಲ್ಲ. ಕೇಳಿ ನೋಡು, ಆ ರೆಕಾರ್ಡಿಂಗಿನಲ್ಲಿ ಗೊತ್ತಾಗುತ್ತದೆ. ನಿನ್ನ ಮೇಡಂಗೂ ಹೇಳು, ಇನ್ನೊಂದು ಸಲ ಕೇಳಲಿ.

ನೀನು ಮೆಸ್ಸಿಗೆ ಇಳಿದು ಹೋಗಿ ಒಂದು ತುತ್ತು ತಿನ್ನಲಿ ಅಂತ ನಾನು ರಾಣಿ ಅಂದೆ. ನೀನು ಇನ್ನೂ ಅಳುತ್ತಿದ್ದೆ, ಅದಕ್ಕೇ ನಕ್ಕೆ. ಅಷ್ಟೇ ಕಣೇ. ಮಗುವಿಗೆ ಚಂದಮಾಮ ತೋರಿಸಿ ತುತ್ತು ಇಡುವುದಿಲ್ಲವೇ, ಹಾಗೆ. ನೀನು ಆ ಚಂದಮಾಮನ ಮೇಲೆ ಮನೆ ಕಟ್ಟಿಬಿಟ್ಟಿದ್ದೀಯ.

ಅದು ಸುಳ್ಳು ಪ್ರೀತಿ. ಆ ಅಧ್ಯಾಯ ತೆಗೆದುಹಾಕು. ನಾನು ಬಂದು ಅದೇ ಸುಳ್ಳನ್ನು ಮೈಕಿನಲ್ಲಿ ಹೇಳುವುದಿಲ್ಲ.

ಅಕ್ಕ


ಹೈದರಾಬಾದ್
8 ಅಕ್ಟೋಬರ್ 2024

ಅಕ್ಕ,

ನಿನ್ನ ಕಾಗದ ಹರಿದು ಹಾಕಿದೆ. ಆಮೇಲೆ ಬುಟ್ಟಿಯಿಂದ ಆರಿಸಿ ಟೇಪ್ ಅಂಟಿಸಿದೆ. ಆಮೇಲೆ ರೆಕಾರ್ಡಿಂಗ್ ಹಾಕಿ ಕೇಳಿದೆ. ಬೇಡ ಅನ್ನುವಲ್ಲಿ ಬ ಸರಿಯಾಗಿ ಬಂದಿಲ್ಲ. ಇಷ್ಟು ವರ್ಷ ಅದನ್ನು ನಿನ್ನ ಮೈಸೂರು ಮಾತಿನ ಸೊಗಸು ಅಂದುಕೊಂಡಿದ್ದೆ.

ಈಗ ನನ್ನದನ್ನೂ ಕೇಳು. ನನಗೆ ಎಂಟನೇ ಕ್ಲಾಸಿನಲ್ಲೇ ಗೊತ್ತಾಯಿತು. ಯಾರೂ ಹೇಳಲಿಲ್ಲ. ನೀನು ಮನೆಗೆ ಬಂದವಳೇ ಬಚ್ಚಲಿಗೆ ಹೋಗುತ್ತಿದ್ದೆ, ಚಳಿಯಲ್ಲೂ ತಣ್ಣೀರು ಹುಯ್ದುಕೊಳ್ಳುತ್ತಿದ್ದೆ, ಉಪ್ಪುನೀರು ಮುಕ್ಕಳಿಸುವ ಸದ್ದು ಹೊರಗೆ ಕೇಳುತ್ತಿತ್ತು. ಆಮೇಲೆ ಬಂದು ಅದೇ ಕೈಯಲ್ಲಿ ಮುದ್ದೆ ಕಟ್ಟಿ ನನ್ನ ತಟ್ಟೆಗೆ ಇಡುತ್ತಿದ್ದೆ. ನಾನು ಮುದ್ದೆ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದೆ. ಆ ಕೈ ಎಲ್ಲೆಲ್ಲಿ ಇತ್ತು ಅಂತ ನೆನೆಯುತ್ತಿದ್ದೆ. ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹಿತ್ತಲಿಗೆ ಓಡಿ ವಾಂತಿ ಮಾಡಿದರೆ ನೀನು ಹಿಂದೆಯೇ ಬಂದು ಹಣೆ ಹಿಡಿದುಕೊಳ್ಳುತ್ತಿದ್ದೆ, ಪಿತ್ತ ಅಂತ ಜೀರಿಗೆ ಕಷಾಯ ಕಾಯಿಸಿ ಕೊಡುತ್ತಿದ್ದೆ. ಹಣೆಯ ಮೇಲೆ ಆ ಕೈ ಇದ್ದರೆ ಇನ್ನೂ ಜಾಸ್ತಿ ಬರುತ್ತಿತ್ತು ಅಕ್ಕ. ಅದು ಪಿತ್ತವಲ್ಲ, ನೀನು.

ಇದನ್ನು ಬರೆಯುತ್ತಿರುವಾಗ ನನ್ನ ಮೇಲೆ ನನಗೇ ವಾಕರಿಕೆ ಬರುತ್ತಿದೆ. ಆದರೂ ಬರೆಯುತ್ತೇನೆ. ನನ್ನ ಪುಸ್ತಕ, ನನ್ನ ಯೂನಿಫಾರ್ಮು, ನನ್ನ ಮೈಮೇಲಿನ ಮಾಂಸ, ಎಲ್ಲ ಅಲ್ಲಿಂದಲೇ ಬಂದದ್ದು. ಅದನ್ನು ಕಳಚಿ ಎಲ್ಲಿ ಇಡಲಿ? ಆ ದಿನ ನೀನು ರಾಣಿ ಅಂದೆ. ನಾನು ಇಳಿದು ಹೋಗಿ ಊಟ ಮಾಡಿದೆ, ಕಕ್ಕಲಿಲ್ಲ. ಆಮೇಲೆ ಓದಿದ್ದೆಲ್ಲ ಆ ಮಾತು ನಿಜ ಅಂತ ತೋರಿಸಿಕೊಳ್ಳುವುದಕ್ಕೆ. ಇದು ಕೆಲಸ, ಇದು ಆಯ್ಕೆ, ಇದು ಶಕ್ತಿ ಅಂತ ಹೇಳಿದಷ್ಟೂ ಅನ್ನ ಒಳಗೆ ಉಳಿಯುತ್ತಿತ್ತು.

ಈಗ ಅದು ಸುಳ್ಳು ಅನ್ನುತ್ತೀಯ. ಹಾಗಾದರೆ ಇಷ್ಟು ವರ್ಷ ನಾನು ತಿಂದದ್ದು ಏನು ಅಕ್ಕ?

ಅಧ್ಯಾಯ ತೆಗೆಯುವುದಿಲ್ಲ. ನೀನು ನವೆಂಬರಿನಲ್ಲಿ ಬರಬೇಡ.

ಪ್ರೀತಿ


ಹೂಟಗಳ್ಳಿ
24 ನವೆಂಬರ್ 2024

ಪ್ರೀತಿ,

ಬರಬೇಡ ಅಂದೆ, ಬಂದುಬಿಟ್ಟೆ. ನಿನ್ನ ಆ ಕಾಗದಕ್ಕೆ ಉತ್ತರ ಬರೆಯಲು ಎಷ್ಟೋ ಸಲ ಕೂತೆ, ಕೈ ಏಳಲಿಲ್ಲ. ಎದುರಿಗೇ ಹೇಳೋಣ ಅಂದುಕೊಂಡೆ. ಅಕ್ಷತಾ ಸಂಘದವರನ್ನೆಲ್ಲ ಕರೆದುಕೊಂಡು ಹೊರಟಿದ್ದಳು, ನಾನೂ ಟಿಫನ್ ಬ್ಯಾಗ್ ಹಿಡಿದು ಹಿಂದಿನ ಸಾಲಿನಲ್ಲಿ ಕೂತೆ.

ಸುಷ್ಮಿತಾ ಮೇಡಂ ಮೊದಲು ಮಾತಾಡಿದರು. "ಎಲ್ಲರೂ ಹೆಣ್ಣಿನ ಆಯ್ಕೆ ಬಗ್ಗೆ ಮಾತಾಡ್ತೀರಿ, ಕೊಳ್ಳೋಕೆ ಬರೋ ಗಂಡಸಿನ ಬಗ್ಗೆ ಯಾಕೆ ಒಬ್ಬರೂ ಮಾತಾಡಲ್ಲ?" ಅಂದರು. ನನಗೆ ಆ ಮಂಗಳವಾರದವರು ಕಣ್ಣೆದುರು ಬಂದರು. ಚಪ್ಪಾಳೆ ಹೊಡೆಯಲು ಕೈ ಎತ್ತಿದೆ. ಅಷ್ಟರಲ್ಲಿ ಅವರು, "ಈ ಹೆಣ್ಣುಮಕ್ಕಳು ಜೀವಂತ ಶವಗಳು" ಅಂದರು. ಎತ್ತಿದ ಕೈ ಹಾಗೇ ಇಳಿಸಿದೆ. ಅಕ್ಷತಾ ಎದ್ದು, "ಶವ ವೋಟ್ ಹಾಕ್ತದೇನ್ರೀ ಮೇಡಮ್ನೋರೇ? ನಾವು ಹಾಕ್ತೀವಿ" ಅಂತ ಕೂಗಿದಳು. ಒಳ್ಳೆಯ ಕೆಲಸ ಮಾಡಿದಳು.

ಆಮೇಲೆ ನೀನು. ನನ್ನ ಕಾಗದ ಓದಿದ ಮೇಲಾದರೂ ನೀನು ಆ ರೆಕಾರ್ಡಿಂಗ್ ಹಾಕುವುದಿಲ್ಲ ಅಂದುಕೊಂಡಿದ್ದೆ. ಹಾಕಿದೆ. ಊದಿದ ತುಟಿಯ ನಗುವನ್ನು ಸ್ಪೀಕರಿನಲ್ಲಿ ಕೇಳಿಸಿ, "ಈ ನಗುವನ್ನು ಗಮನಿಸಿ" ಅಂದೆ. ಎಲ್ಲರೂ ಗಮನಿಸಿದರು. ಪಕ್ಕದಲ್ಲಿದ್ದ ನಮ್ಮ ಸಂಘದವಳು ನನ್ನ ಕೈ ಹಿಡಿದುಕೊಂಡಳು. ಅವಳು ಬಸ್ ಸ್ಟ್ಯಾಂಡಿನವಳು. ಮುಖ ತೊಳೆದುಕೊಂಡೇ ಬಂದಿದ್ದಳು, ಬರೆದುಕೋ.

ಊಟಕ್ಕೆ ಬಿಸಿಬೇಳೆಬಾತು. ನೀನು ತಟ್ಟೆ ಹಿಡಿದು ನಿಂತಿದ್ದೆ. ನಾನು ಹತ್ತಿರ ಬಂದೆ, ನಿನ್ನ ಮುಖದ ಬಣ್ಣ ಹೋಯಿತು. ನಿನಗಂತ ಕಜ್ಜಾಯ ತಂದಿದ್ದೆ. ಡಬ್ಬಿ ತೆಗೆದು ಒಂದನ್ನು ನಿನ್ನ ಕೈಗೇ ಕೊಟ್ಟೆ. ಅದೇ ಹೊತ್ತಿಗೆ ನಿನ್ನ ಗೈಡ್ ಮೇಡಂ ಬಂದು ನಗುತ್ತಾ ಇವರು ಯಾರು ಅಂತ ಇಂಗ್ಲಿಷಿನಲ್ಲಿ ಕೇಳಿದರು. ನೀನೂ ಇಂಗ್ಲಿಷಿನಲ್ಲೇ ಹೇಳಿದೆ. ಅಷ್ಟು ಇಂಗ್ಲಿಷ್ ನನಗೂ ಬರುತ್ತದೆ. ಪರಿಚಯದವರು, ಹೆಬ್ಬಾಳದ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾರೆ.

ಓನರಮ್ಮನಿಗೆ ನಾನು ಹೇಳುವ ಸುಳ್ಳನ್ನೇ ನೀನೂ ಹೇಳಿದೆ. ಅದು ದೊಡ್ಡದಲ್ಲ, ನಾನೇ ಕಲಿಸಿದ್ದು. ಬೆಳಗ್ಗೆ ಮೈಕಿನಲ್ಲಿ ಹೆಮ್ಮೆ ಅಂದವಳಿಗೆ ಮಧ್ಯಾಹ್ನ ತಟ್ಟೆ ಹಿಡಿದಾಗ ಅಕ್ಕ ಅನ್ನಲು ಬಾಯಿ ಬರಲಿಲ್ಲ ಅನ್ನುವುದೂ ದೊಡ್ಡದಲ್ಲ. ನೀನು ಕಜ್ಜಾಯವನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ಆಮೇಲೆ ಅದೇ ಬ್ಯಾಗಿನಿಂದ ಸಣ್ಣ ಬಾಟಲಿ ತೆಗೆದೆ. ಕೈಗೆ ಸುರಿದುಕೊಂಡು ಮೇಡಂ ಜೊತೆ ಮಾತಾಡುತ್ತಲೇ ಒಂದೊಂದೇ ಬೆರಳನ್ನು ಉಜ್ಜಿದೆ. ಎಣ್ಣೆ ಜಿಡ್ಡಾಗಿತ್ತು ಅನ್ನುತ್ತೀಯೇನೋ. ಆಗಿರಬಹುದು. ನಾನು ಡಬ್ಬಿ ಮುಚ್ಚಿಕೊಂಡು ಬಂದುಬಿಟ್ಟೆ. ಬಸ್ಸಿನಲ್ಲಿ ಕೂತು ಅತ್ತೆ. ಹೊಡೆದವನ ಎದುರೂ ನಾನು ಹಾಗೆ ಅತ್ತವಳಲ್ಲ.

ತಿಂದದ್ದು ಏನು ಅಂತ ಕೇಳಿದ್ದೆ. ಮುದ್ದೆ ಕಣೇ. ಮುದ್ದೆ, ಉಪ್ಸಾರು, ಭಾನುವಾರ ಮೊಟ್ಟೆ. ಬೇರೆ ಏನೂ ಅಲ್ಲ. ಅದನ್ನು ಪ್ರಸಾದ ಮಾಡಲೂ ಬೇಡ, ಹೊಲಸು ಮಾಡಲೂ ಬೇಡ. ನಿನಗೆ ನನ್ನ ಕೈ ಅಸಹ್ಯವಾದರೆ ಆಗಲಿ. ನನಗೂ ಎಷ್ಟೋ ದಿನ ಆಗುತ್ತದೆ, ಅದಕ್ಕೇ ಆ ತಣ್ಣೀರು. ಪಿತ್ತ ಅಲ್ಲ ಅಂತ ನನಗೆ ಆಗಲೂ ಗೊತ್ತಿತ್ತು. ಗೊತ್ತಿದ್ದೇ ಹಣೆ ಹಿಡಿಯುತ್ತಿದ್ದೆ. ಇನ್ನು ಯಾರು ಹಿಡಿಯಬೇಕಿತ್ತು? ನಿನ್ನ ಅಸಹ್ಯವನ್ನು ಮೈಕಿನಲ್ಲಿ ಮುಚ್ಚಿಟ್ಟು ಊಟದ ಹೊತ್ತಿನಲ್ಲಿ ತೆಗೆಯಬೇಡ. ನನ್ನ ಎದುರಿಗೆ ತೆಗಿ, ನಾನು ತಡೆದುಕೊಳ್ಳುತ್ತೇನೆ.

ಇನ್ನು ಕಾಗದ ಬರೆಯಬೇಡ. ಬರುವುದಿದ್ದರೆ ಬಾ.

ಮುದ್ದಮ್ಮ


ಹೈದರಾಬಾದ್
16 ಡಿಸೆಂಬರ್ 2024

ಅಕ್ಕ,

ಬರೆಯಬೇಡ ಅಂದೆ, ಬರೆಯುತ್ತಿದ್ದೇನೆ. ಇದೊಂದು ಕೊನೆಯದು.

ಕಜ್ಜಾಯ ತಿನ್ನಲಿಲ್ಲ. ಮೈಸೂರಿನ ಬಸ್ ಸ್ಟ್ಯಾಂಡಿನಲ್ಲಿ ನಾಯಿಗೆ ಹಾಕಿದೆ. ಕೈ ಜಿಡ್ಡಾಗಿರಲಿಲ್ಲ. ನನ್ನ ಕೈ ತಾನೇ ಬ್ಯಾಗಿಗೆ ಹೋಯಿತು, ನಿನ್ನ ಕಾಗದ ಬರುವವರೆಗೆ ನನಗೆ ಅದು ಗೊತ್ತೂ ಆಗಿರಲಿಲ್ಲ.

ಶುಕ್ರವಾರ ಗೈಡ್ ಮೇಡಂ ರೂಮಿಗೆ ಹೋಗಿ ಎಲ್ಲ ಹೇಳಿದೆ. ಆ ನಗು ನನ್ನ ಅಕ್ಕನದು, ಆ ಮಾತು ಸುಳ್ಳು, ನಾನು ಊಟ ಮಾಡಲಿ ಅಂತ ಹೇಳಿದ್ದು, ಅವತ್ತು ಅವಳ ತುಟಿ ಊದಿತ್ತು, ಕಜ್ಜಾಯ ಕೊಟ್ಟವಳು ಅವಳೇ. ಬೈಯುತ್ತಾರೆ, ಅಧ್ಯಾಯ ಕಿತ್ತು ಹಾಕು ಅನ್ನುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿಯಿಂದ ಮುಂದಕ್ಕೆ ಬಾಗಿದರು. ಕಣ್ಣು ಹೊಳೆಯುತ್ತಿತ್ತು. ಅಯ್ಯೋ ಇದು ಇನ್ನೂ ಚೆನ್ನಾಗಿದೆ, ಇಂಥದ್ದು ಯಾರೂ ಬರೆದಿಲ್ಲ, ನಿನ್ನ ಕಥೆಯನ್ನೇ ಬರಿ, ವಾಂತಿಯಿಂದ ಶುರು ಮಾಡು, ನಿಮ್ಮಿಬ್ಬರನ್ನೂ ಕೂರಿಸಿ ರೆಕಾರ್ಡ್ ಮಾಡೋಣ ಅಂದರು. ಆ ವಾಂತಿ ಎಷ್ಟು ವರ್ಷ ಇತ್ತು ಅಂತ ಕೇಳಿ ಪೆನ್ನು ತೆಗೆದರು.

ಹೊರಗೆ ಬಂದು ಟಾಯ್ಲೆಟ್ಟಿನಲ್ಲಿ ಎಲ್ಲ ಕಕ್ಕಿದೆ. ಸಂಘದ ಮೇಜಿನ ಮೇಲೆ ನಿನ್ನ ದನಿ ಕೇಳಿ ನಿನಗೆ ಏನಾಗಿರಬೇಕು ಅಂತ ಅವತ್ತು ಗೊತ್ತಾಯಿತು. ಗೋಡೆ ಹಿಡಿದು ಬಗ್ಗಿ ನಿಂತಿದ್ದೆ, ಹಣೆ ಹಿಡಿಯಲು ಯಾರೂ ಇರಲಿಲ್ಲ. ಮೊದಲ ಸಲ ಆ ಕೈ ಬೇಕು ಅನ್ನಿಸಿತು.

ಅಧ್ಯಾಯ ತೆಗೆದಿದ್ದೇನೆ. ಮೇಡಂ ಮಾತು ಬಿಟ್ಟಿದ್ದಾರೆ, ಡಿಗ್ರಿ ಏನಾಗುತ್ತದೋ ಗೊತ್ತಿಲ್ಲ. ಆ ವಿಡಿಯೋ ತೆಗೆಯಿರಿ ಅಂತ ಸೆಮಿನಾರ್ ನಡೆಸಿದವರಿಗೆ ಬರೆದೆ, ಎಷ್ಟೋ ಜನ ಡೌನ್‌ಲೋಡ್ ಮಾಡಿಕೊಂಡಿದ್ದಾರೆ, ನಮ್ಮ ಕೈಯಲ್ಲಿಲ್ಲ ಅಂದರು. ನಿನ್ನ ನಗು ಇನ್ನು ಎಲ್ಲೆಲ್ಲಿ ಕೇಳುತ್ತದೋ. ಅದಕ್ಕೆ ನನ್ನ ಹತ್ತಿರ ಪರಿಹಾರ ಇಲ್ಲ ಅಕ್ಕ.

ಈ ಭಾನುವಾರ ಬರುತ್ತೇನೆ. ಮುದ್ದೆ, ಉಪ್ಸಾರು ಮಾಡು. ನೀನೇ ಕಟ್ಟು, ನನ್ನ ಎದುರಿಗೆ ಕಟ್ಟು. ಗಂಟಲಲ್ಲಿ ಇಳಿಯುತ್ತದೆ ಅಂತ ಮಾತು ಕೊಡಲಾರೆ. ಇಳಿಯದಿದ್ದರೆ ಹೇಳುತ್ತೇನೆ, ಎದ್ದು ಹೋಗುವುದಿಲ್ಲ. ಬಾಗಿಲಲ್ಲಿ ಓನರಮ್ಮ ಯಾರು ಅಂತ ಕೇಳಿದರೆ ನೀನು ಏನೂ ಹೇಳಬೇಡ. ಮುದ್ದಮ್ಮನ ತಂಗಿ ಅಂತ ನಾನೇ ಹೇಳುತ್ತೇನೆ.

ಪ್ರೀತಿ